ಮುಟ್ಟಿದ ಕಾಯಿ ನಡೆಸುವ ಅಜ್ಜಿ

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಅಜ್ಜಿ ಒಂದು ಬದನೆಕಾಯಿಯನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು, ಅದರ ಹಣೆಬರಹ ಅಲ್ಲಿಗೇ ತೀರ್ಮಾನವಾದಂತೆ! ಕೊಳೆತಿರಲಿ, ಹುಳ ಹಿಡಿದಿರಲಿ, ಅದು ಅಜ್ಜಿಯ ಚೀಲಕ್ಕೇ ಹೋಗಬೇಕು. ಹಾಗಾಗಿ ಅವರು ಸೂಪರ್‌ಮಾರ್ಕೆಟ್ಟಿಗೆ ಬರುವುದೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಟೊಮೆಟೊ ರಾಶಿಯ ಮುಂದೆ ಹತ್ತು ನಿಮಿಷ ನಿಂತು, ಬಗ್ಗಿ ನೋಡಿ, ಓರೆಯಾಗಿ ನೋಡಿ, ನಿಟ್ಟುಸಿರು ಬಿಟ್ಟು, ಕೊನೆಗೆ ಫಕ್ಕನೆ ಒಂದಕ್ಕೆ ಕೈ ಹಾಕುತ್ತಾರೆ. ತರಕಾರಿ ತೂಗುವ ಹುಡುಗ ಒಮ್ಮೆ ಗಾಬರಿಯಿಂದ ನನ್ನ ಹತ್ತಿರ ಬಂದು, "ಮೇಡಂ, ಮಾತಾಜಿಗೆ ಹುಷಾರಿಲ್ವಾ?" ಎಂದು ಹಿಂದಿಯಲ್ಲಿ ಕೇಳಿದ್ದ. ಹುಷಾರಾಗಿಯೇ ಇದ್ದಾರೆ ಮಾರಾಯಾ, ಅವರು ಚೆಸ್ ಚಾಂಪಿಯನ್, ಅಷ್ಟೇ!

ಹೌದು, ಆರ್ಮೇನಿಯಾದ ಮಹಿಳಾ ಚಾಂಪಿಯನ್! ಅದೂ ಒಮ್ಮೆಯಲ್ಲ, ಮೂರು ಸಲ! ನಮಗೆ ಮಗ್ಗಿ ಹೇಗೋ ಹಾಗೆ ಆ ದೇಶದ ಶಾಲೆಗಳಲ್ಲಿ ಮಕ್ಕಳಿಗೆ ಚೆಸ್ ಪಾಠ. ಮಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಜ್ಜಿ ಯೆರೆವಾನ್ ಬಿಟ್ಟು ನಮ್ಮ ಡಿಸ್ಕವರಿ ಗಾರ್ಡನ್ಸ್ ಬಡಾವಣೆಗೆ ಬಂದು, ಸಂಜೆ ಹೊತ್ತು ಬಿಲ್ಡಿಂಗಿನ ಮಕ್ಕಳನ್ನೆಲ್ಲ ಹಿಡಿದು ಬೋರ್ಡಿನ ಮುಂದೆ ಕೂರಿಸುತ್ತಾರೆ. ಅವರ ಭಾಷೆಯಲ್ಲಿ ಅಜ್ಜಿಗೆ 'ತಾತಿಕ್' ಎನ್ನುತ್ತಾರಂತೆ. ನನ್ನ ಮಗಳೂ ಹಾಗೇ ಕರೆಯುವುದು, ನಾನೂ ಹಾಗೇ. ಅವರ ಅರ್ಧ ಇಂಗ್ಲಿಷೂ ನನ್ನ ಅರ್ಧ ಇಂಗ್ಲಿಷೂ ಸೇರಿ ನಮ್ಮ ಮಾತುಕತೆ ನಡೆಯುತ್ತದೆ. ಆ ಇಂಗ್ಲಿಷನ್ನು ಇಲ್ಲಿ ಬರೆದರೆ ಇಬ್ಬರ ಮಾನವೂ ಹೋದೀತು, ಕನ್ನಡದಲ್ಲೇ ಬರೆಯುತ್ತೇನೆ.

ನನ್ನ ಗಂಡ ದೂರದ ರುವೈಸ್‌ನ ತೈಲ ಸ್ಥಾವರದಲ್ಲಿ ಟೆಕ್ನೀಷಿಯನ್. ವಾರಕ್ಕೊಮ್ಮೆ ಮನೆಗೆ ಬಂದು, ನಾಲ್ಕು ದಿನದ ನಿದ್ದೆ ಮಾಡಿ, ಉಳಿದ ಹೊತ್ತಿನಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ಪ್ರಾಣಿ. "ಎಂತ ಚಾಂಪಿಯನ್ ಮಾರಾಯ್ತಿ! ಮಂಗಳೂರಲ್ಲಿ ಕಾಲೇಜಿಗೆ ಹೋಗುವಾಗ ನಾನು ಸಹ ಚಾಂಪಿಯನ್ನೇ" ಎಂದು ಎದೆಯುಬ್ಬಿಸಿ ಒಂದು ದಿನ ಅಜ್ಜಿಯ ಎದುರು ಆಡಲು ಕೂತರು. ಕುದುರೆಯನ್ನು ಹಿಡಿದು, ಯೋಚಿಸಿ, ಬಿಟ್ಟು, ಆನೆಯ ಕಡೆ ಕೈ ಚಾಚಿದರು. ಅಜ್ಜಿ ದಾಳಿಂಬೆ ಬಿಡಿಸುತ್ತಿದ್ದವರು ತಲೆಯೆತ್ತಲೂ ಇಲ್ಲ.

"ಕುದುರೆ" ಎಂದರು.

"ಅಯ್ಯೋ ತಾತಿಕ್, ಅದು ನಾನು ಸುಮ್ಮನೆ ಮುಟ್ಟಿದ್ದು!"

"ಸುಮ್ಮನೆ ಮುಟ್ಟುವುದು ಅಂತ ಒಂದಿಲ್ಲ. ಮುಟ್ಟಿದ ಕಾಯಿ ನಡೆಸಬೇಕು. ಕುದುರೆ!"

ಹನ್ನೊಂದೇ ನಡೆ. ಖಲಾಸ್! ದಾಳಿಂಬೆ ಇನ್ನೂ ಅರ್ಧ ಉಳಿದಿತ್ತು. "ಪಪ್ಪಾ, ಯೂ ಲಾಸ್ಟ್ ಟು ಅ ಗ್ರಾಂಡ್‌ಮಾ!" ಎಂದು ಮಗಳು ಕುಣಿದಳು. ಅಂದಿನಿಂದ ನಮ್ಮ ಕಾಲೇಜು ಚಾಂಪಿಯನ್ ಲಿಫ್ಟಿನಲ್ಲಿ ಅಜ್ಜಿ ಕಂಡರೆ ಮೆಟ್ಟಿಲು ಹತ್ತುತ್ತಾರೆ.

ಒಮ್ಮೆ ಅಜ್ಜಿಯನ್ನು ನೈಫ್ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ನಾನೇ ಸಿಕ್ಕಿಬಿದ್ದೆ. ಬೇಕಾಗಿದ್ದದ್ದು ತಲೆಗೆ ಕಟ್ಟುವ ಒಂದು ಸ್ಕಾರ್ಫ್. ಆ ಸಂದಿಯಲ್ಲಿ ಅಂಗಡಿಗಿಂತ ಹೊರಗೆ ತೂಗುಹಾಕಿದ ಸಾಮಾನೇ ಜಾಸ್ತಿಯಲ್ಲವೇ? ಅಜ್ಜಿಯ ಮೊಣಕೈ ಒಂದು ಬ್ಯಾಗಿಗೆ ತಾಗಿತು. ಎಂಥ ಬ್ಯಾಗ್! ಗುಲಾಬಿ ಬಣ್ಣದ್ದು, ಮಕ್ಕಳದ್ದು, ಮೇಲೆ ಎರಡು ಮೊಲದ ಕಿವಿ! ಅಜ್ಜಿ ನಿಂತರು. ಅಂಗಡಿಯವರು ನಮ್ಮ ಬಂಟ್ವಾಳದ ಕಡೆಯ ಬ್ಯಾರಿ. "ಬೇಡದಿದ್ರೆ ಬಿಡ್ಲಿ ಅಕ್ಕ, ತಾಗಿದ್ದಕ್ಕೆಲ್ಲ ಎಂತದು?" ಎಂದರು ಪಾಪ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅಜ್ಜಿ ಬ್ಯಾಗನ್ನು ಕೊಂಡೇ ಕೊಂಡರು!

ಮೆಟ್ರೋದಲ್ಲಿ ಎಪ್ಪತ್ತು ದಾಟಿದ ಅಜ್ಜಿಯ ತೊಡೆಯ ಮೇಲೆ ಮೊಲದ ಕಿವಿ ಅಲ್ಲಾಡುತ್ತಿದ್ದರೆ ಎದುರು ಕೂತವರಿಗೆಲ್ಲ ನಗು. ನನಗೆ ಸಿಟ್ಟು ನೆತ್ತಿಗೇರಿತು. "ಮೊಣಕೈಗೂ ನಿಮ್ಮ ನಿಯಮವಾ ತಾತಿಕ್?" ಎಂದೆ. ಆಗ ಅವರು ಹೇಳಿದರು.

ಯೌವನದಲ್ಲಿ ಒಂದು ದೊಡ್ಡ ಪಂದ್ಯ, ಕೊನೆಯ ಸುತ್ತು. ಎದುರಿಗೆ ಜಾರ್ಜಿಯಾದ ಹುಡುಗಿ. ಅಜ್ಜಿ ಗೆಲ್ಲುವುದು ಇನ್ನೇನು ಖಚಿತ. ಅಷ್ಟರಲ್ಲಿ ಕುದುರೆಯತ್ತ ಹೋದ ಕೈಯ ಕಿರುಬೆರಳು ರಾಣಿಗೆ ತಾಗಿತು. ಜಾರ್ಜಿಯಾದವಳು ತಟ್ಟನೆ ಕೈಯೆತ್ತಿ ತೀರ್ಪುಗಾರರನ್ನು ಕರೆದಳು: "ಮುಟ್ಟಿದ್ದಾಳೆ!" ಬೇಕೆಂದು ಮುಟ್ಟಿದ್ದಲ್ಲ ಎಂದರೂ ತೀರ್ಪುಗಾರರು ನಂಬಲಿಲ್ಲ, ರಾಣಿಯನ್ನು ನಡೆಸಲೇಬೇಕಾಯಿತು. ರಾಣಿ ಹೋಯಿತು, ಆಟ ಹೋಯಿತು, ಪದಕ ಹೋಯಿತು.

"ಅವತ್ತು ನನಗೆ ಮಾಫಿ ಸಿಗಲಿಲ್ಲ. ಆಮೇಲೆ ನಾನು ಯಾರಿಗೂ ಕೊಟ್ಟಿಲ್ಲ, ನನಗೂ ಕೊಟ್ಟುಕೊಂಡಿಲ್ಲ. ಸಾಯುವ ಮೊದಲು ಅವಳನ್ನೊಮ್ಮೆ ಸೋಲಿಸಬೇಕು ಮಗಳೇ. ಒಂದೇ ಒಂದು ಸಲ!"

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆರು ತಿಂಗಳಲ್ಲಿ ಅಬುಧಾಬಿಯ ಒಂದು ಹೋಟೆಲಿನಲ್ಲಿ ಹಿರಿಯರ ಪಂದ್ಯ ನಿಶ್ಚಯವಾಯಿತು. ಆಟಗಾರರ ಪಟ್ಟಿಯಲ್ಲಿ ಆ ಜಾರ್ಜಿಯಾದವರ ಹೆಸರು! ಅಜ್ಜಿ ಹಗಲಿಡೀ ಬೋರ್ಡಿನ ಮುಂದೆ. ಬಿಲ್ಡಿಂಗಿಗೆ ಬಿಲ್ಡಿಂಗೇ ತಯಾರಿಗಿಳಿಯಿತು. ಮಕ್ಕಳು ಸರದಿಯಲ್ಲಿ ಹೋಗಿ ಸೋತು ಬಂದರು. ಮೆಟ್ಟಿಲು ಹತ್ತುತ್ತಿದ್ದ ನನ್ನ ಗಂಡ ಕೂಡ ಫೋನು ಮಾಡಿ, "ಬಿಡ್ಬೇಡಿ ಅಂತ ಹೇಳು ಅಜ್ಜಿಗೆ!" ಎಂದರು. ಕೊನೆಯ ದಿನ ಇಬ್ಬರೂ ಎದುರುಬದುರು ಎಂದು ಗೊತ್ತಾದಾಗ ನಾನು ಆಫೀಸಿಗೆ ರಜೆ ಹಾಕಿ, ಅಜ್ಜಿಯನ್ನೂ ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು, ಯಲ್ಲಾ, ನಡೀರಿ ಎಂದು ಹೊರಟೇಬಿಟ್ಟೆ!

ನನ್ನ ಮನಸ್ಸಿನಲ್ಲಿ ಆಕೆ ರಾಕ್ಷಸಿ. ಬಂದವರು ನೋಡಿದರೆ ವಾಕರ್ ಹಿಡಿದ ಸಣಕಲು ಮುದುಕಿ. ಬಲಗೈ ಒಂದೇ ಸಮನೆ ನಡುಗುತ್ತಿತ್ತು. ಅಜ್ಜಿ ಒಂದು ಗಳಿಗೆ ಆ ಕೈಯನ್ನೇ ನೋಡಿ, ಕುರ್ಚಿ ಎಳೆದುಕೊಂಡು ಕೂತರು.

ಎರಡು ಗಂಟೆ ಆಟ ಸಮಸಮ. ಹಗ್ಗದ ಆಚೆ ನಿಂತ ನನಗೆ ಚೆಸ್ಸಿನ ತಲೆಬುಡ ತಿಳಿಯದಿದ್ದರೂ ಎದೆ ಡವಡವ! ಆಕೆ ಕುದುರೆಯನ್ನೆತ್ತಲು ಕೈ ಚಾಚಿದರು. ನಡುಗುವ ಕೈ ದಾರಿಯಲ್ಲಿ ರಾಣಿಗೆ ಬಡಿಯಿತು. ರಾಣಿ ಉರುಳಿಬಿತ್ತು.

"ಮಮ್ಮಾ, ಕ್ವೀನ್! ಶಿ ಟಚ್ಡ್ ದ ಕ್ವೀನ್! ತಾತಿಕ್ ವಿನ್ಸ್!" ಮಗಳು ನನ್ನ ತೋಳು ಚಿವುಟಿದಳು. ರಾಣಿ ಎಲ್ಲಿಗೆ ಹೋದರೂ ಅಜ್ಜಿಯ ಬಾಯಿಗೇ ತುತ್ತಂತೆ. ಹೇಳಿ ತಾತಿಕ್, ಹೇಳಿಬಿಡಿ! ನಾನು ಕೂಗದೆ ಉಳಿದದ್ದೇ ಹೆಚ್ಚು.

ತೀರ್ಪುಗಾರ ಹತ್ತಿರ ಬಂದ. ಅಜ್ಜಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಜಾರ್ಜಿಯಾದವರೇ. "ನಾನು ರಾಣಿಯನ್ನು ಮುಟ್ಟಿದೆ" ಎಂದರು ಮೆಲ್ಲಗೆ. ಅವರಿಗೂ ಮರೆತಿರಲಿಲ್ಲ!

ಅಜ್ಜಿ ಕೈ ಮುಂದೆ ಮಾಡಿದರು. ಬಿದ್ದ ರಾಣಿಯನ್ನು ಎತ್ತಿ, ಅದೇ ಮನೆಯಲ್ಲಿ ನೆಟ್ಟಗೆ ನಿಲ್ಲಿಸಿದರು. "ಇವಳು ಮುಟ್ಟಿಲ್ಲ. ಕೈ ನಡುಗಿತು, ಅಷ್ಟೇ. ಇನ್ನು ಮೇಲೆ ಎಲ್ಲಿಗೆ ನಡೆಸಬೇಕೆಂದು ಬಾಯಲ್ಲಿ ಹೇಳಲಿ, ಇವಳ ಕಾಯಿಯನ್ನೂ ನಾನೇ ನಡೆಸುತ್ತೇನೆ" ಎಂದರು. ತೀರ್ಪುಗಾರ ಒಪ್ಪಿದ.

ಆಮೇಲೆ ಆಕೆ ಹೇಳುವುದು, ಅಜ್ಜಿ ನಡೆಸುವುದು. ತನ್ನದೊಂದು ಕಾಯಿ, ಅವಳದೊಂದು ಕಾಯಿ, ಎರಡೂ ಅಜ್ಜಿಯ ಕೈಯಿಂದಲೇ. ಆಕೆಯ ಕೈ ನಡುಗಿದರೇನು, ತಲೆ ನಡುಗುತ್ತಿರಲಿಲ್ಲ. ಕೊನೆಗೊಮ್ಮೆ ಕೇಳಿಯೂ ಕೇಳಿಸದ ಹಾಗೆ ಏನೋ ಅಂದರು. ಅಜ್ಜಿ ಆಕೆಯ ರಾಣಿಯನ್ನು ಎತ್ತಿ, ತನ್ನದೇ ರಾಜನ ಪಕ್ಕದಲ್ಲಿ ಇಟ್ಟು, ತಾನೇ ಹೇಳಿದರು: "ಚೆಕ್‌ಮೇಟ್."

ನನಗೆ ಅಳು ಬಂತು. ಅಷ್ಟು ಜನರ ನಡುವೆ ನಾಚಿಕೆಯಿಲ್ಲದೆ ಅತ್ತೆ. ಆಟ ಮುಗಿದ ಮೇಲೆ ಕೈಕುಲುಕುವುದು ಪದ್ಧತಿ. ಜಾರ್ಜಿಯಾದವರು ಕೈ ಚಾಚಿದರು. ಅಜ್ಜಿ ಅದನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅದು ನಡುಗುವುದು ನಿಲ್ಲಲಿಲ್ಲ, ಇವರು ಬಿಡಲೂ ಇಲ್ಲ.