ಭಾನುವಾರ ನಾಲ್ಕೂವರೆಗೆ ಮಲಗುವ ಸರ್ವರ್

ಮೊದಲೇ ಹೇಳಿಬಿಡುತ್ತೇನೆ, ನಾನು ವೈರ್ ಕಿತ್ತಿಲ್ಲ. ನನ್ನ ಭಾವಮೈದುನ ಸೂರಜ್ ಚಿತ್ರದುರ್ಗದ ತುಂಬ ಡಂಗುರ ಸಾರಿದ್ದಾನಲ್ಲ, "ನಮ್ಮ ಭಾವ ಸೋಲೋ ಹೊತ್ತಿಗೆ ಸರಿಯಾಗಿ ವೈರ್ ಕಿತ್ತಾಕ್ತಾರೆ" ಅಂತ, ಅದು ಅಪ್ಪಟ ಸುಳ್ಳು. ಒಂಬತ್ತು ಭಾನುವಾರ ನಮ್ಮ ಆಟ ಅರ್ಧಕ್ಕೆ ನಿಂತದ್ದು ನಿಜ. ಒಂಬತ್ತು ಸಲವೂ ನನ್ನ ಕೋಟೆಗೆ ಬೆಂಕಿ ಬಿದ್ದಾಗಲೇ ನಿಂತದ್ದೂ ನಿಜ. ಆದರೆ ಕಿತ್ತವನು ನಾನಲ್ಲ.

ಆ ಆಟದ ಇಂಗ್ಲಿಷ್ ಹೆಸರು ಒಂದು ಮಾರುದ್ದ ಇದೆ. ಹಾಸ್ಟೆಲಿನ ಕಾಲದಲ್ಲಿ ನಾವು ಅದನ್ನು ಕೋಟೆಯಾಟ ಎನ್ನುತ್ತಿದ್ದೆವು. ಒಂದು ಕೋಟೆ ಕಟ್ಟಬೇಕು, ಸೈನ್ಯ ಸಾಕಬೇಕು, ಎದುರಾಳಿಯ ಕೋಟೆಗೆ ಲಗ್ಗೆ ಹಾಕಬೇಕು. ಆಗ ಸೈನಿಕರೆಂದರೆ ನಾಲ್ಕು ಚುಕ್ಕಿ. 2009ರಲ್ಲಿ ಆ ಹಳೆಯ ಕೋಟೆಗೇ ಹೊಸ ಸುಣ್ಣ ಬಳಿದು, 'ರೀಮಾಸ್ಟರ್' ಎಂದು ಹೆಸರಿಟ್ಟು ಮತ್ತೆ ಮಾರಾಟಕ್ಕೆ ಬಿಟ್ಟರು. ಚುಕ್ಕಿಗಳಿಗೆ ಈಗ ಮೀಸೆ ಬಂದಿತ್ತು. ಕುದುರೆ ಕೆಮ್ಮುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ತಿರುಪ್ಪೂರಿನಲ್ಲಿ ಕುಳಿತ ನಾನು ಚಿತ್ರದುರ್ಗದಲ್ಲಿ ಕುಳಿತ ಸೂರಜನ ಮೇಲೆ ಇಂಟರ್‌ನೆಟ್ಟಿನಲ್ಲೇ ದಂಡೆತ್ತಿ ಹೋಗಬಹುದಿತ್ತು. ಒಂದೇ ತೊಡಕು: ಇಬ್ಬರ ಸೈನ್ಯವೂ ಪರದೇಶದಲ್ಲೆಲ್ಲೋ ಇರುವ ಕಂಪನಿಯ ಸರ್ವರ್ ಎಂಬ ಮಹಾಶಯನ ಮೂಲಕವೇ ಹಾದುಹೋಗಬೇಕು. ನಡುವೆ ಸಂಪರ್ಕ ತಪ್ಪಿದರೆ ಆಟ ರದ್ದು. ಗೆದ್ದವರಿಲ್ಲ, ಸೋತವರಿಲ್ಲ. (ಈ ನಿಯಮ ಮಾಡಿದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.)

ಬರೀ ಆಟವಾಗಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದೀಪಾವಳಿ ಬಂತೆಂದರೆ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆಲ್ಲ ಬೀಗ. ನಾನು ಕೆಲಸ ಮಾಡುವ ಕಂಪನಿಯಲ್ಲೂ ಎಂಟು ದಿನ ರಜೆ. ನಾಲ್ಕು ವರ್ಷಗಳಿಂದ ಆ ಎಂಟು ದಿನವನ್ನೂ ಮಾವನ ಮನೆಗೆ ಧಾರೆ ಎರೆದಿದ್ದೇನೆ. ನಮ್ಮ ಮಾವ ನಿವೃತ್ತ ಹೆಡ್‌ಮಾಸ್ತರರು. ಪ್ರತಿ ವರ್ಷ ಬೆಳಗಿನ ಆರಕ್ಕೆ ನನ್ನನ್ನು ಎಬ್ಬಿಸಿ, ಏಳು ಸುತ್ತಿನ ಕೋಟೆ ಹತ್ತಿಸಿ, ಬುರುಜು ಬುರುಜಿಗೂ ನಿಲ್ಲಿಸಿ ಪಾಠ ಹೇಳುತ್ತಾರೆ. ಇಳಿದ ಮೇಲೆ ಪ್ರಶ್ನೆ ಕೇಳುತ್ತಾರೆ. ಈ ವರ್ಷವಾದರೂ ಮೈಸೂರಿನ ನನ್ನ ಅಕ್ಕನ ಮನೆಗೆ ಹೋಗಿ ಎಂಟು ದಿನ ಗಡದ್ದಾಗಿ ನಿದ್ದೆ ಮಾಡೋಣ ಎಂದರೆ ನನ್ನ ಹೆಂಡತಿ ಭಾವನಾ ಒಪ್ಪಲಿಲ್ಲ. ಕೊನೆಗೆ ಅವಳೂ ಸೂರಜನೂ, ಅಕ್ಕ ತಮ್ಮ ಸೇರಿ ಒಂದು ತೀರ್ಮಾನಕ್ಕೆ ಬಂದರು. ಕೋಟೆಯಾಟದಲ್ಲಿ ನಾನು ಸೂರಜನನ್ನು ಗೆದ್ದರೆ ಮೈಸೂರು. ಅವನು ಗೆದ್ದರೆ ಚಿತ್ರದುರ್ಗ.

ಆಟದ ಮುಹೂರ್ತ ಭಾನುವಾರ ಸಂಜೆ ನಾಲ್ಕು. ಆ ದಿನ ಅದಕ್ಕೆ ಮೊದಲು ನಮ್ಮಲ್ಲಿ ಎರಡು ಗಂಟೆ ಕರೆಂಟ್ ಇರುವುದಿಲ್ಲ. ಆರರ ನಂತರ ಅವರಲ್ಲಿ ಇರುವುದಿಲ್ಲ. ಎರಡು ರಾಜ್ಯಗಳ ವಿದ್ಯುತ್ತು ಒಟ್ಟಿಗೆ ಕೃಪೆ ತೋರುವುದು ಅದೊಂದೇ ಹೊತ್ತಿನಲ್ಲಿ. ನಾಲ್ಕಕ್ಕೆ ಆಟ ಶುರುವಾಗುತ್ತಿತ್ತು. ನಾಲ್ಕೂಕಾಲಿನ ಹೊತ್ತಿಗೆ ಸೂರಜನ ಮೀಸೆಯ ಸೈನಿಕರು ನನ್ನ ಹೆಬ್ಬಾಗಿಲಿಗೆ ಬಂದಿರುತ್ತಿದ್ದರು. ನಾನು ಇನ್ನೇನು ಪ್ರತಿದಾಳಿ ಮಾಡಬೇಕು (ಮಾಡುವವನೇ ಇದ್ದೆ, ನಂಬಿ), ಅಷ್ಟರಲ್ಲಿ ಸರಿಯಾಗಿ ನಾಲ್ಕೂವರೆಗೆ ಪರದೆ ಸ್ತಬ್ಧವಾಗಿ 'ಸರ್ವರ್ ಸಿಗುತ್ತಿಲ್ಲ' ಎಂಬ ಬರಹ ಮೂಡುತ್ತಿತ್ತು.

ಒಂಬತ್ತನೆಯ ವಾರ ಸೂರಜ್ ಫೋನಿನಲ್ಲಿ ಹೇಳಿಯೇಬಿಟ್ಟ.

"ಭಾವ, ಸೋತ್ರೆ ಸೋತೆ ಅಂತ ಒಪ್ಕೊಳ್ಳಿ. ವೈರ್ ಕೀಳೋದು ಗಂಡಸರ ಲಕ್ಷಣ ಅಲ್ಲ."

"ಏಯ್, ಸರ್ವರ್ ಹೋದ್ರೆ ನಾನೇನಪ್ಪ ಮಾಡ್ಲಿ?"

"ಸರ್ವರ್ ನನಗಿದೆಯಲ್ಲ! ನಿಮಗೊಬ್ಬರಿಗೇ ಹೋಗುತ್ತಾ?"

ಮಾತಿನಲ್ಲಿ ಹುರುಳಿತ್ತು. ಅವಮಾನವೂ ಆಯಿತು. ಆದರೆ ಸತ್ಯ ಹೇಳಬೇಕೆಂದರೆ, ಅವಮಾನಕ್ಕಿಂತ ಕುತೂಹಲವೇ ನನ್ನನ್ನು ಹೆಚ್ಚು ಕಾಡಿತು. ಪ್ರತಿ ವಾರ ನಾಲ್ಕೂವರೆಗೇ ಏಕೆ? ನಾಲ್ಕು ಇಪ್ಪತ್ತೊಂಬತ್ತಕ್ಕೆ ಏಕಿಲ್ಲ? ಒಂದು ಟೀ ಶರ್ಟಿಗೆ ತೋಳು ಕೂರಿಸಲು ಎಷ್ಟು ಸೆಕೆಂಡ್ ಬೇಕೆಂದು ಟೈಲರುಗಳ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದೇ ಕಂಪನಿಯಲ್ಲಿ ನನ್ನ ಉದ್ಯೋಗ. (ನಾನು ಮುಂದೆ ಹೋದ ಮೇಲೆ ಅವರು ನನ್ನ ಬಗ್ಗೆ ಎಷ್ಟು ಸೆಕೆಂಡ್ ಮಾತಾಡುತ್ತಾರೋ ಅಳೆದಿಲ್ಲ.) ಅಂಥವನಿಗೆ ಒಂದು ಸರ್ವರಿನ ಗುಟ್ಟು ಹಿಡಿಯಲಾಗದೆ?

ಸ್ಟಾಪ್‌ವಾಚನ್ನೂ ಗೆರೆ ಹಾಕಿದ ಹಾಳೆಯನ್ನೂ ತಂದು ಭಾವನಾಳ ಕೈಗಿಟ್ಟೆ.

"ಏನ್ರೀ ಇದು?"

"ಮೊಡೆಮ್ಮಿನ ಎರಡನೇ ದೀಪ, ಇಂಟರ್‌ನೆಟ್ಟಿಂದು, ನೋಡ್ತಿರು. ಯಾವಾಗ ಆರುತ್ತೆ, ಯಾವಾಗ ಹತ್ತುತ್ತೆ, ಬರೀಬೇಕು. ಒಂದು ವಾರ."

"ನಾನು ಒಗ್ಗರಣೆ ಹಾಕ್ಲಾ, ನಿಮ್ಮ ದೀಪ ಕಾಯ್ಲಾ? ನಂದಾದೀಪ ಇಟ್ಟಾಗಲೂ ನಾನು ಇಷ್ಟು ಕಾದಿಲ್ಲ."

"ಇದು ವೈಜ್ಞಾನಿಕ ಸಂಶೋಧನೆ."

"ಹಂಗಾದ್ರೆ ಅಡುಗೆ ಕೂಡ ವೈಜ್ಞಾನಿಕವಾಗಿ ತಡ ಆಗುತ್ತೆ."

ಆದರೂ ಬರೆದಳು. ನನಗಿಂತ ಅಚ್ಚುಕಟ್ಟಾಗಿಯೇ ಬರೆದಳು. ಶನಿವಾರ ರಾತ್ರಿ ಊಟವಾದ ಮೇಲೆ ಹಾಳೆಯನ್ನು ಹರಡಿಕೊಂಡು ಕುಳಿತೆ. ಸೋಮವಾರ ಬೆಳಗ್ಗೆ ಏಳೂವರೆಗೆ ದೀಪ ಆರಿ ಒಂಬತ್ತಕ್ಕೆ ಹತ್ತಿತ್ತು. ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಬುಧವಾರ ಹನ್ನೆರಡರಿಂದ ಒಂದೂವರೆ. ದಿನ ಬೇರೆ, ಹೊತ್ತು ಬೇರೆ, ಆದರೆ ಪ್ರತಿ ಸಲವೂ ಲೆಕ್ಕ ಹಾಕಿದಂತೆ ಒಂದೂವರೆ ಗಂಟೆ! ನನಗೆ ರೋಮಾಂಚನವಾಯಿತು. ಇದರ ಹಿಂದೆ ಯಾವುದೋ ದೊಡ್ಡ ತಲೆ ಇದೆ ಎನ್ನಿಸಿತು. ಸರ್ವರ್ ನೋಡಿಕೊಳ್ಳುವ ಇಂಜಿನಿಯರುಗಳು ದಿನಕ್ಕೊಂದು ದೇಶಕ್ಕೆ ಸರದಿಯಂತೆ ವಿಶ್ರಾಂತಿ ಕೊಡುತ್ತಿರಬಹುದು ಎಂದು ಸಿದ್ಧಾಂತ ಕಟ್ಟಿ, ಭೂಪಟ ಬಿಡಿಸಿ, ಕಂಪನಿಗೆ ಎರಡು ಪುಟದ ಇಮೇಲ್ ಬರೆದೆ. ಹದಿನೈದು ನಿಮಿಷದಲ್ಲಿ ಉತ್ತರ ಬಂತು. ನಮ್ಮ ಸರ್ವರ್ ಆರೋಗ್ಯವಾಗಿದೆ, ನಿಮ್ಮ ಮೊಡೆಮ್ಮನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಭಾವನಾ ಪಾತ್ರೆ ಒರೆಸುತ್ತ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮತ್ತೆ ಗೋಡೆಯ ಕಡೆ ನೋಡಿದಳು. ಅಲ್ಲಿ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್ ತೂಗುತ್ತಿತ್ತು.

"ರೀ, ಇದು ರಾಹುಕಾಲ."

"ಏನು?"

"ಸೋಮವಾರ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಭಾನುವಾರ ನಾಲ್ಕೂವರೆಯಿಂದ ಆರು. ನಮ್ಮಮ್ಮ ಬಾಯಿಪಾಠ ಮಾಡಿಸಿದ್ರು."

ರಾಹುಕಾಲ, ಗುಳಿಕಕಾಲ ಎಂದರೆ ನಗುವ ಜಾತಿ ನನ್ನದು. ಆದರೆ ಅಂಕಿಗಳು ಎದುರಿಗೇ ಕುಳಿತಿದ್ದವು. ಪರದೇಶದ ಸರ್ವರ್ ಒಂದು ತಮಿಳು ಕ್ಯಾಲೆಂಡರ್ ನೋಡಿಕೊಂಡು ಮಲಗುತ್ತದೆಯೇ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಭಾನುವಾರ. ಆಟಕ್ಕೆ ರಜೆ ಹೇಳಿ, ನಾಲ್ಕೂವರೆಗೆ ಮೊಡೆಮ್ಮಿನ ಮುಂದೆ ಕುಳಿತೆ. ದೀಪ ಆರಿತು. ವೈರಿನ ಮೇಲೆ ಬೆರಳಿಟ್ಟುಕೊಂಡು ಹೊರಟೆ. ಅದು ಕಿಟಕಿ ದಾಟಿ, ಪೈಪಿನ ಪಕ್ಕದಲ್ಲಿ ಇಳಿದು, ಕೆಳಗಿನ ಮನೆಯ ಹಜಾರಕ್ಕೆ ನುಗ್ಗಿತು. ಕೆಳಗಿನ ಮನೆ ನಮ್ಮ ಓನರ್ ಚಿನ್ನಸಾಮಿಯವರದು. ಮೂರು ತಲೆಮಾರಿನಿಂದ ಇಲ್ಲೇ ನೆಲೆಸಿದ ಕನ್ನಡ ನೇಕಾರರ ಮನೆತನ. ಮಗ್ಗ ಬಿಟ್ಟು, ಈಗ ಹಿತ್ತಲಿನ ಶೆಡ್ಡಿನಲ್ಲಿ ಕಂಪನಿಗಳ ಶರ್ಟುಗಳಿಗೆ ಕಾಜಾ ಹೊಡೆದುಕೊಡುತ್ತಾರೆ, ಅಂದರೆ ಗುಂಡಿಯ ತೂತು ಹೊಲಿಯುವುದು. ಫೋನ್ ಲೈನ್ ಅವರ ಹೆಸರಿನಲ್ಲಿದೆ. ಅದೇ ಲೈನಿಗೆ ನಾನು ಮೇಲೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದೆ.

ಹಜಾರದಲ್ಲಿ ಹಳೆಯ ಕೆಂಪು ಫೋನ್. ಅದರ ರಿಸೀವರ್ ಬನಿಯನ್ ಚಿಂದಿಯ ಗುಡ್ಡೆಯ ಮೇಲೆ ಕೂಸಿನಂತೆ ಮಲಗಿತ್ತು. ಪಕ್ಕದಲ್ಲಿ ಚಿನ್ನಸಾಮಿಯವರ ಹೆಂಡತಿ ಅಮ್ಮಣಿಯಮ್ಮ ಹೂ ಕಟ್ಟುತ್ತಿದ್ದರು.

"ಬಾ ತಂಬಿ, ಕೂತ್ಕೋ."

"ಅಮ್ಮಾ, ಫೋನ್ ಯಾಕೆ ಎತ್ತಿಟ್ಟಿದ್ದೀರಿ?"

"ರಾಹುಕಾಲಂ ಅಲ್ವಾ ತಂಬಿ! ಆರು ವರ್ಷ ಮುನ್ನಾಡಿ ಇದೇ ಫೋನಿನಾಗೆ, ರಾಹುಕಾಲದಾಗೆ, ಒರು ಆರ್ಡರ್ ಒಪ್ಕೊಂಡ್ರು ನಮ್ಮ ಯಜಮಾನ್ರು. ಏನಾಯ್ತು ಗೊತ್ತಾ? ಎದೆಗೆ ಹೊಡೀಬೇಕಾದ ಕಾಜಾ ಎಲ್ಲಾ ಬೆನ್ನಿಗೆ ಹೊಡ್ದು ಕೊಟ್ರು! ಅವತ್ತಿಂದ ನಾನೇ ಎತ್ತಿಡ್ತೀನಿ. ಫೋನು ಬಂದ್ರೆ ತಾನೆ ಆರ್ಡರು?"

"ಅವರ ಹತ್ರ ಸೆಲ್ ಫೋನ್ ಇದೆಯಲ್ಲಮ್ಮ?"

"ಅದು ಅಕ್ಕಿ ಡಬ್ಬಿಯಾಗೆ ಐತೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಳಗೆ ರಿಸೀವರ್ ಎತ್ತಿದರೆ ಮೇಲಿನ ಇಂಟರ್‌ನೆಟ್ ಬೀಳುತ್ತದೆ, ಇಷ್ಟೇ ಗುಟ್ಟು. ಫೋನೂ ಇಂಟರ್‌ನೆಟ್ಟೂ ಒಂದಕ್ಕೊಂದು ಅಡ್ಡ ಬರದಂತೆ ಮೇಲೂ ಕೆಳಗೂ ಹಾಕಬೇಕಾದ ಫಿಲ್ಟರ್ ಡಬ್ಬಿಯನ್ನು ಲೈನ್‌ಮ್ಯಾನ್ ಮೇಲೆ ಮಾತ್ರ ಹಾಕಿ, ಇನ್ನೊಂದನ್ನು ನಾಳೆ ತರುತ್ತೇನೆ ಎಂದು ಹೋದವನು ಇನ್ನೂ ಬಂದಿರಲಿಲ್ಲ. ಮುಂದಿನ ಭಾನುವಾರ ಒಂದು ದಿನ ರಿಸೀವರ್ ಎತ್ತಬೇಡಿ ಎಂದು ಬೇಡಿಕೊಂಡೆ. ಅಮ್ಮಣಿಯಮ್ಮ ತಲೆ ಅಲ್ಲಾಡಿಸಿದರು. ಆಟ, ಸರ್ವರ್, ಕೋಟೆ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ, ಹೆಂಡತಿಯ ತಮ್ಮ ನನ್ನನ್ನು ಕಳ್ಳ ಎನ್ನುತ್ತಿದ್ದಾನೆ ಎಂದೆ. ಹೂ ಕಟ್ಟುತ್ತಿದ್ದ ಅವರ ಕೈ ನಿಂತಿತು.

"ಮಚ್ಚಾನ್ ಹಂಗಂದ್ನಾ? ಮನೆ ಅಳಿಯನ್ನ? ಅಯ್ಯೋ ಪಾವಂ! ಸರಿ ತಂಬಿ, ಮಚ್ಚಾನ್ ಮುಂದೆ ನೀನು ತಲೆ ತಗ್ಗಿಸ್ಬಾರ್ದು. ನಾನು ಎತ್ತಾಕಿಲ್ಲ. ಯಾರೂ ಎತ್ತದಂಗೆ ನಾನೇ ಕಾವಲು ಕೂರ್ತೀನಿ. ಇದು ನನ್ನ ವಾಕ್ಕು."

ಆ ವಾರ ನಾನು ಹೆಜ್ಜೆ ನೆಲಕ್ಕೆ ತಾಗಿಸದೆ ನಡೆದೆ. ಮೈಸೂರಿನ ಅಕ್ಕನಿಗೆ ಹಾಸಿಗೆ ಬಿಸಿಲಿಗೆ ಹಾಕಲು ಹೇಳಿದೆ. ಸೂರಜನಿಗೆ ಫೋನ್ ಮಾಡಿ, ಗುಟ್ಟು ಬಯಲಾಯಿತು, ಇನ್ನು ನಿನ್ನ ಆಟ ನಡೆಯುವುದಿಲ್ಲ ಎಂದು ಗುಡುಗಿದೆ. ಅವನು ಒಂದೇ ಷರತ್ತು ಹಾಕಿದ: ಆಟ ಮುಗಿಯುವವರೆಗೆ ಅವನ ಅಕ್ಕ ಭಾವನಾ ಮೊಡೆಮ್ಮಿನ ಪಕ್ಕ ಕೂರಬೇಕು. ವೈರಿನ ಮೇಲೆ ಅವಳ ಕೈ ಇರಬೇಕು. ಸಂತೋಷವಾಗಿ ಒಪ್ಪಿದೆ.

ಭಾನುವಾರ ನಾಲ್ಕಕ್ಕೆ ಯುದ್ಧ ಶುರು. ನಾಲ್ಕೂಕಾಲಿಗೆ ಸೂರಜನ ಮೀಸೆಗಳು ಎಂದಿನಂತೆ ಹೆಬ್ಬಾಗಿಲಿಗೆ ಬಂದವು. ನಾಲ್ಕು ಇಪ್ಪತ್ತೈದಕ್ಕೆ ಹೊರಗೋಡೆ ಬಿತ್ತು. ನಾಲ್ಕೂವರೆ ಆಯಿತು. ದೀಪ ಹಸಿರಾಗಿ, ಗಟ್ಟಿಯಾಗಿ, ನಿಶ್ಚಿಂತೆಯಿಂದ ಉರಿಯುತ್ತಿತ್ತು. ಅಭ್ಯಾಸಬಲದಿಂದ ನಾನು 'ಸರ್ವರ್ ಸಿಗುತ್ತಿಲ್ಲ' ಬರಹಕ್ಕೆ ಕಾದೆ. ಬರಲಿಲ್ಲ. ನಾಲ್ಕೂವರೆಯ ನಂತರ ಈ ಆಟದಲ್ಲಿ ಏನು ಮಾಡಬೇಕೆಂಬುದೇ ನನಗೆ ಗೊತ್ತಿಲ್ಲ ಎಂಬ ಸತ್ಯ ಆಗ ಹೊಳೆಯಿತು. ಅಲ್ಲಿಂದಾಚೆಗೆ ನಾನು ಆಡಿಯೇ ಇರಲಿಲ್ಲ!

ಎರಡನೆಯ ಗೋಡೆ ಬಿತ್ತು. ಕರೆಂಟಾದರೂ ಹೋಗಬಾರದೇ ಎಂದು ಫ್ಯಾನನ್ನು ದೀನನಾಗಿ ನೋಡಿದೆ. ಸಾಂಬಾರಿಗೆ ಮಿಕ್ಸಿ ಹಾಕಿದಾಗೆಲ್ಲ ಹೋಗುವ ಕರೆಂಟು ಅಂದು ಅಲುಗಲಿಲ್ಲ. ಭಾವನಾಳ ಕೈ ವೈರಿನ ಮೇಲಿತ್ತು.

"ಒಂದು ನಿಮಿಷ, ಬಾತ್‌ರೂಮಿಗೆ ಹೋಗಿ ಬರ್ತೀನಿ" ಎಂದು ಎದ್ದವನು ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಕೆಳಗಿಳಿದೆ. ಅಮ್ಮಣಿಯಮ್ಮ ಕೆಂಪು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ರಿಸೀವರನ್ನು ಎರಡೂ ಕೈಯಿಂದ ಅದುಮಿ ಹಿಡಿದು ಕುಳಿತಿದ್ದರು.

"ಅಮ್ಮಾ, ಎತ್ತಿಡಿ!"

"ಏನಂದೆ?"

"ರಿಸೀವರ್ ಎತ್ತಿಡಿ ಅಮ್ಮಾ, ರಾಹುಕಾಲ! ಬೇಗ!"

"ನೀನು ಯಾಕೆ ನನ್ನ ಮೇಲೆ ಸಂದೇಹ ಪಡ್ತೀಯ? ವಾಕ್ಕು ಅಂದ್ರೆ ವಾಕ್ಕು. ಎತ್ತಾಕಿಲ್ಲ, ಧೈರ್ಯವಾಗಿ ಹೋಗಿ ಆಡು."

"ಸಂದೇಹ ಅಲ್ಲಮ್ಮ, ನಿಜವಾಗ್ಲೂ ಎತ್ತಿ! ಬರೀ ಎರಡು ಸೆಕೆಂಡ್!"

ಕೈ ಚಾಚಿದೆ. ಬೀಸಣಿಗೆಯಿಂದ ಫಟೀರೆಂದು ಹೊಡೆದರು. "ಕೈ ತೆಗಿ! ಯಜಮಾನ್ರು ಬಂದು ಕೇಳಿದ್ರೂ ಕೊಟ್ಟಿಲ್ಲ. ಆರು ವರ್ಷದ ಪದ್ಧತಿ ಬಿಟ್ಟು ನಿನಗೋಸ್ಕರ ಕೂತಿದ್ದೀನಿ, ತಂಬಿ!" ಎನ್ನುವಾಗ ಅವರ ಕಣ್ಣಲ್ಲಿ ನೀರು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಹಡಿಯ ಮೇಲಿಂದ ಭಾವನಾ ಕೂಗಿದಳು: "ರೀ, ಎಲ್ಲಿ ಹೋದ್ರಿ? ಕನೆಕ್ಷನ್ ಎಷ್ಟು ಚೆನ್ನಾಗಿದೆ ಗೊತ್ತಾ! ಸೂರಜ್ ನಿಮ್ಮ ಅರಮನೆ ಒಳಗೇ ಬಂದ್ಬಿಟ್ಟ!"

ನಾನು ಮೇಲೆ ತಲುಪುವ ಹೊತ್ತಿಗೆ ಅವನ ಬಾವುಟ ನನ್ನ ಬುರುಜಿನ ಮೇಲೆ ಹಾರುತ್ತಿತ್ತು. ಪಕ್ಕದಲ್ಲಿ ನಿಂತ ಕುದುರೆ ಕೂಡ ಅಣಕಿಸುವಂತೆ ಒಮ್ಮೆ ಕೆಮ್ಮಿತು. ಸೂರಜ್ ಫೋನ್ ಮಾಡಿ ಬಹಳ ವಿನಯದಿಂದ, "ಸಾರಿ ಭಾವ, ನೀವು ವೈರ್ ಕೀಳ್ತಿರಲಿಲ್ಲ, ನಂಬ್ತೀನಿ. ಅಪ್ಪ ನಿಮಗಾಗಿ ಹೊಸ ಶೂ ತಂದಿದ್ದಾರೆ, ಕೋಟೆ ಹತ್ತೋಕೆ" ಎಂದ. "ದೀಪಾವಳಿ ಆದ ಮೇಲೆ ವಾರಾ ವಾರಾ ಆಡೋಣ. ನಿಮಗೂ ಕಲಿಸಿದ ಹಾಗಾಗುತ್ತೆ."

ಸರಿಯಾಗಿ ಆರು ಗಂಟೆಗೆ ಅಮ್ಮಣಿಯಮ್ಮ ಸೊಂಟ ಹಿಡಿದುಕೊಂಡು ಮಹಡಿ ಹತ್ತಿ ಬಂದರು. ಕೈಯಲ್ಲಿ ಒಂದು ತಟ್ಟೆ ಕೇಸರಿಬಾತ್.

"ಲೈನ್ ನಿಂತಿತಾ ತಂಬಿ?"

"ಒಂದು ಸಲವೂ ಕಡಿಯಲಿಲ್ಲಮ್ಮ" ಎಂದೆ. ಬೇರೇನು ಹೇಳಲಿ?

ಅವರ ಮುಖ ಅರಳಿತು.

"ಹಂಗಾದ್ರೆ ಕೇಳು. ನಾನು ಯಜಮಾನ್ರ ಹತ್ರ ಪೇಸಿ, ಮಾತು ಮುಗಿಸಿ ಆಯ್ತು. ಇನ್ನು ಮೇಲೆ ನಿನಗೋಸ್ಕರ ಭಾನುವಾರದ ರಾಹುಕಾಲನೇ ಬಿಟ್ಟುಬಿಟ್ಟೆ. ವಾರಾ ವಾರಾ ಫೋನ್ ಹಿಡ್ಕೊಂಡು ನಾನೇ ಕೂರ್ತೀನಿ. ನೀನು ನೆಮ್ಮದಿಯಾಗಿ ಆಡು ತಂಬಿ!"