ಡಿ ಮೈನರಿನ ಡಿಮಿ ಡಿಮಿ

ಅರವತ್ತಕ್ಕೆ ಎರಡು ಕಡಿಮೆ ಇರುವಾಗ ವಾದಿರಾಜರಿಗೆ ಕೀಬೋರ್ಡು ನುಡಿಸುವ ಹುಚ್ಚು ಹಿಡಿಯಿತು; ಒಂದನ್ನು ಕೊಂಡೂ ತಂದರು. ಶಿಗ್ಗಾಂವದಲ್ಲಿ ಅವರ ಹೆಂಡತಿ ವೃಂದಾ ಒಂದು ಭಜನಾ ಮಂಡಳಿ ನಡೆಸುತ್ತಿದ್ದಳು. ಅದರಲ್ಲಿ ವಾದಿರಾಜರ ಪಾಲಿಗೆ ಬಂದಿದ್ದ ಏಕೈಕ ವಾದ್ಯವೆಂದರೆ ಜಮಖಾನೆ. ಹಾಸುವುದು, ಸುತ್ತುವುದು.

"ಸವಣೂರಿನ ಭಜನಾ ಸ್ಪರ್ಧಾದಾಗ ನಾನೂ ಬಾರಸ್ತೀನಿ," ಎಂದರು ಹೆಂಡತಿಗೆ.

"ಒಂದ ಸಲ ನೋಡೂಣು. ನಮ್ಮ ಹಾಡು ಕೆಟ್ಟಿತೋ, ಆ ಪೆಟಗಿ ಅಟ್ಟಾ ಸೇರ್ತದ ನೋಡ್ರಿ!"

ವಾದಿರಾಜರು ಲ್ಯಾಪ್‌ಟಾಪಿಗೆ ಸ್ವರಲಿಪಿಯ ಸಾಫ್ಟ್‌ವೇರ್ ಹಾಕಿಸಿ, ಹಾಡಿನ ಸಾಲುಗಳ ಮೇಲೆ ಕಾರ್ಡ್‌ಗಳ ಗುರುತು ಕೂಡಿಸಿದರು. (ಕಾರ್ಡ್ ಎಂದರೆ ಮೂರ್ನಾಲ್ಕು ಸ್ವರ ಒಮ್ಮೆಲೇ ಒತ್ತುವುದು, ರೇಷನ್ ಕಾರ್ಡಲ್ಲ.) ಆ ಸಣ್ಣ ಇಂಗ್ಲಿಷ್ ಅಕ್ಷರಗಳು ಅವರ ಚಾಳೀಸಿನ ಕಣ್ಣಿಗೆ ಇರುವೆಗಳಂತೆ ಕಂಡವು. ಸಾಫ್ಟ್‌ವೇರಿನಲ್ಲಿ ಗುರುತುಗಳ ರೂಪ ಬದಲಿಸುವ ಜಾಗವೊಂದು ಸಿಕ್ಕಿತು. ಅಲ್ಲಿಂದ ಎಂಟು ದಿನ ಅವರ ಊಟ ತಣ್ಣಗಾಯಿತು. ಕೊನೆಗೆ ಡಿ ಮೈನರು ಎಂಬ ಕಾರ್ಡಿನ ಗುರುತು ಕನ್ನಡದಲ್ಲಿ 'ಡಿಮಿ'ಯಾಗಿ, ಕುಂಬಳಕಾಯಿಯಷ್ಟು ದಪ್ಪವಾಗಿ ಅವತರಿಸಿತು. ಹಾಡಿನ ಪದಗಳು ಅದರ ಕೆಳಗೆ ಅಂಜಿ ಮುದುಡಿಕೊಂಡವು.

ಸ್ಪರ್ಧೆಯ ದಿನ ವೇದಿಕೆ ಹತ್ತುವ ಮುಂಚೆ ಅವರು ಹೆಂಗಸರ ಹಾಡಿನ ವಹಿಗಳನ್ನು ಇಸಿದುಕೊಂಡು ತಾವು ಅಚ್ಚು ಹಾಕಿಸಿದ ಹೊಸ ಹಾಳೆಗಳನ್ನು ಹಂಚಿದರು.

"ಈಗ್ಯಾಕ್ರೀ ಇವು?" ವೃಂದಾ ಕಣ್ಣು ಕೆಂಪಗೆ ಮಾಡಿದಳು.

"ಇರ್ಲಿ ಬಿಡs, ದಪ್ಪ ಅಕ್ಷರ ಅವ," ಎಂದರು ಮಂಡಳಿಗೆ ಹಿರಿಯರಾದ, ವೃಂದಾಳ ಸೋದರತ್ತೆ ಭಾಗೀರಥಿಬಾಯಿ. ವೇದಿಕೆ ಹತ್ತಿದ ಮೇಲೆ ಹಾಳೆಯಲ್ಲಿ ಕಂಡದ್ದನ್ನೆಲ್ಲ ಹಾಡಿಯೂ ಬಿಟ್ಟರು: "ಮೊಸರ ಗಡಿಗಿ ಡಿಮಿ, ಒಡದಾನ ರಂಗ ಡಿಮಿ ಡಿಮಿ!"

ಹಿರಿಯರು ಹಾಡಿದ ಮೇಲೆ ಉಳಿದವರು ಬಿಟ್ಟಾರೆಯೇ? ವಾದಿರಾಜರು ಬೇಡ ಬೇಡವೆಂದು ತಲೆ ಅಲ್ಲಾಡಿಸಿದರು. ಮೆಚ್ಚಿ ತಲೆದೂಗುತ್ತಿದ್ದಾರೆಂದು ತಿಳಿದು ಹೆಂಗಸರು ದನಿ ಏರಿಸಿದರು. ಸಭೆಯೂ ಚಪ್ಪಾಳೆ ಹಾಕುತ್ತ "ಡಿಮಿ ಡಿಮಿ" ಎಂದಿತು. ಗಾಬರಿಯಲ್ಲಿ ವಾದಿರಾಜರ ಬೆರಳು ಕೀಬೋರ್ಡಿನ ಒಂದು ಮಣೆಯನ್ನೂ ಒತ್ತಲಿಲ್ಲ.

ಮೊದಲ ಬಹುಮಾನ ಬಂತು! "ಭಜನಿಯೊಳಗ ಹಿಂಥಾ ಕುಣಿಸೋ ತಾಳ ಕೇಳಿದ್ದಿಲ್ಲ," ಎಂದು ತೀರ್ಪುಗಾರರು ವೃಂದಾಳಿಗೆ ಶಾಲು ಹೊದಿಸಿದರು.

ಮರಳುವಾಗ ಬಸ್ಸಿನಲ್ಲಿ ವಾದಿರಾಜರು ಎದೆಯುಬ್ಬಿಸಿದರು. "ಹಾಡೇನು ಕೆಡಲಿಲ್ಲಲಾ? ಅಂದಮ್ಯಾಲೆ ನನ್ನ ಕೀಬೋರ್ಡು..."

"ಅದು ಸುಮ್ಮನಿದ್ದದ್ದಕ್ಕs ಬಹುಮಾನ ಬಂತು. ಇನ್ನ ಮುಂದೂ ಸುಮ್ಮನಿರ್ಲಿ," ಎಂದಳು ವೃಂದಾ.

ಭಾಗೀರಥಿಬಾಯಿಗೆ ಪಾಪ ಎನಿಸಿತು. "ಹಂಗನಬ್ಯಾಡ ವೃಂದಾ. ವಾದಿರಾಜಾ, ಹಾಳಿ ಮಾತ್ರ ನೀನs ಮಾಡಿಕೊಡಪಾ. ಮುಂದಿನ ಹಾಡಿಗೆ ನಡುನಡುವ ಒಂದೆರಡು 'ತಕಿಟ'ನೂ ಹಾಕು."

ಮರುದಿನ ಬೆಳಿಗ್ಗೆ ವಾದಿರಾಜರು ಲ್ಯಾಪ್‌ಟಾಪ್ ತೆರೆದು, ಯಾವ ಕಾರ್ಡಿಗೆ 'ತಕಿಟ' ಎಂದು ಹೆಸರಿಡಬಹುದೆಂದು ಹುಡುಕತೊಡಗಿದರು.