ಹೆಬ್ಬಾವಿನ ತೇವಾಂಶ

ನಮ್ಮ ಕಾಕಾ ಮನೆಗೆ ಬಂದವರಿಗೆ ನೀರು ಕೊಡುವುದನ್ನು ಮರೆತಾರು, ಗಾಳಿಗೆ ನೀರು ಕುಡಿಸುವುದನ್ನು ಮರೆಯುವವರಲ್ಲ!

ಗಜೇಂದ್ರಗಡದಲ್ಲಿ ಕಾಕಾ, ಚಿಗವ್ವ ಇಬ್ಬರೂ ಸೀರೆ ನೇಯುವವರು. ಹುಬ್ಬಳ್ಳಿಯ ಗೆಳೆಯರೊಬ್ಬರು ಊರು ಬಿಡುವಾಗ ತಾವು ಸಾಕಿದ್ದ ವಿದೇಶಿ ಹೆಬ್ಬಾವನ್ನು ಗಾಜಿನ ಪೆಟ್ಟಿಗೆ, ಸರ್ಕಾರಿ ಕಾಗದಪತ್ರ ಸಮೇತ ಕಾಕಾನಿಗೆ ದಾಟಿಸಿದರು. “ತೇವಾಂಶ ಅರವತ್ತಕ್ಕಿಂತ ಇಳೀಬಾರದು ನೋಡ್ರಿ” ಎಂದು ಹೇಳಿ ಹೋದವರು ಮತ್ತೆ ಫೋನ್ ಎತ್ತಲಿಲ್ಲ.

ನಮ್ಮ ಬಿಸಿಲಿನಲ್ಲಿ ಅರವತ್ತನ್ನು ಎಲ್ಲಿಂದ ತರುವುದು? ಕಾಕಾ ತೇವಾಂಶ ಅಳೆಯುವ ಒಂದು ಮೀಟರ್ ತಂದು ಪೆಟ್ಟಿಗೆಯೊಳಗಿಟ್ಟರು. ಮೂವತ್ತೈದು ಎಂದಿತು. ಅನುಮಾನ ಬಂದು ಇನ್ನೊಂದು ತಂದರು. ಅದು ಎಪ್ಪತ್ತು ಎಂದಿತು! ನರಗುಂದದಲ್ಲಿದ್ದ ನನಗೆ ಫೋನ್ ಬಂತು.

“ತಮ್ಮಾ, ಯಾವುದನ್ನ ನಂಬಲಿ?”

“ಎರಡೂ ಕೂಡಿಸಿ ಅರ್ಧ ಮಾಡ್ರಿ ಕಾಕಾ.”

“ಅಂದ್ರ ಅರ್ಧ ಹಾವು ಒಣಗಿ, ಅರ್ಧ ಹಾವು ನೆನೀಲೇನು?”

ಏನೂ ತೋಚದೆ ಒಂದು ಕೊಡ ನೀರು ಸುರುವಿದರು. ಪೆಟ್ಟಿಗೆಗೆ ಬೂಸ್ಟು ಬಂತು, ಹಾವಿನ ಉಸಿರು ಸೀಟಿ ಹೊಡೆಯತೊಡಗಿತು. ಹೆದರಿ ಮುಚ್ಚಳ ತೆಗೆದು ಫ್ಯಾನ್ ಹಚ್ಚಿದರು. ಉಸಿರೇನೋ ಸರಿಹೋಯಿತು. ಆದರೆ ಅದೇ ಹೊತ್ತಿಗೆ ಹಾವು ಪೊರೆ ಬಿಡಬೇಕೆ! ಒಣಗಾಳಿಗೆ ಪೊರೆ ಚೂರುಚೂರಾಗಿ ಮೈಗೆ ಕಚ್ಚಿಕೊಂಡಿತು. ಕಣ್ಣ ಮೇಲಿನದಂತೂ ಅಲ್ಲಾಡಲಿಲ್ಲ.

ರೋಣದ ದನದ ಡಾಕ್ಟರು ಫೋನಿನಲ್ಲಿ, “ಕೈಲೇ ಕಿತ್ತೀರಿ ಮತ್ತ, ಕಣ್ಣು ಹೋಗ್ತಾವು! ಇದಕ್ಕಿಂತ ಹೆಚ್ಚು ಕೇಳಬ್ಯಾಡ್ರಿ, ನಾ ಎಮ್ಮಿ ನೋಡಾಂವ” ಎಂದರು.

ನಾನು ಓಡಿ ಬಂದೆ. ಕಾಕಾ ಊಟ ಬಿಟ್ಟು ಪೆಟ್ಟಿಗೆಯ ಮುಂದೆ ಕೂತಿದ್ದರು. ಮಗ್ಗದಿಂದ ಚಿಗವ್ವನ ದನಿ ಬಂತು:

“ನೂಲು ಹರೀಬಾರದಂತ ಮಗ್ಗದ ಕೆಳಗ ದಿನಾ ನೀರು ಚಿಮುಕಸ್ತೀವಿ. ತೇವ ಬೇಕು, ಕೆಸರು ಬ್ಯಾಡ. ಮೂವತ್ತು ವರ್ಷ ನೇಯ್ದು ಇಷ್ಟೂ ತಿಳೀಲಿಲ್ಲೇನ್ರಿ?”

ಎದ್ದು ಬಂದವಳೇ ಒಂದು ಗಡಿಗೆಯನ್ನು ಪೆಟ್ಟಿಗೆಯೊಳಗೆ ಅಡ್ಡ ಮಲಗಿಸಿ, ಒಳಗೆ ಒದ್ದೆ ಬಟ್ಟೆಯನ್ನು ಹಿಂಡಿ ಹಾಸಿದಳು. ಹಾವು ಮೆಲ್ಲಗೆ ಒಳಸೇರಿತು. ದಿನವೂ ಬಟ್ಟೆ ಬದಲಿಸಿದಳು. ಮೂರನೇ ದಿನ ಹೊರಬಂದಾಗ ಪೊರೆ ಬಟ್ಟೆಗೆ ಅಂಟಿ ಉಳಿದಿತ್ತು. ಎರಡೂ ಕಣ್ಣು ನಿಚ್ಚಳ!

ಕಾಕಾ ಕುಣಿಯುವುದೊಂದು ಬಾಕಿ. ಚಿಗವ್ವ ಬಟ್ಟೆ ತೆಗೆಯಲು ಕೈ ಚಾಚಿದಳು. ಆ ಬೆರಳುಗಳ ತುಂಬ ಬಿರುಕು. ಕಾಕಾ ಆ ಕೈ ಹಿಡಿದುಕೊಂಡರು.

“ಇವು ಯಾವಾಗಿಂದ ಹಿಂಗ ಒಡದಾವು?”

“ನಿಮ್ಮನ್ನ ಕಟಗೊಂಡಾಗಿಂದ.”

ನಾನು ನಕ್ಕೆ. ಕಾಕಾ ನಗಲಿಲ್ಲ. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು, ಅವಳನ್ನು ಕೂಡಿಸಿ, ಒಂದೊಂದೇ ಬೆರಳಿಗೆ ಹಚ್ಚತೊಡಗಿದರು.

“ನೇಯೋ ಸೀರಿಗೆ ಎಣ್ಣಿ ಹತ್ತತದ, ಬಿಡ್ರಿ” ಎಂದಳು ಚಿಗವ್ವ. ಕೈಯನ್ನು ಮಾತ್ರ ಹಿಂದಕ್ಕೆಳೆದುಕೊಳ್ಳಲಿಲ್ಲ.